ಮಲೆನಾಡಿನ ಹಾಳೆಟೊಪ್ಪಿಗೆ

ಕಿರೀಟ, ಪಟ್ಟ, ಉಷ್ಣೀಷ, ಛತ್ರ ಮುಂತಾದ ಶಿರೋಲಂಕಾರಗಳನ್ನು ಕುರಿತು ನಮ್ಮ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಬೇಕಾದಷ್ಟು ಆಧಾರಗಳು ದೊರೆಯುತ್ತವೆ. ಶಿವಮೊಗ್ಗದ ಸೀಮೆಯಲ್ಲಿಯೇ ಇರುವ ತಾಳಗುಂದದ ಸ್ತಂಭಶಾಸನವು, ಪಲ್ಲವರು ಕದಂಬ ಮಯೂರಶರ್ಮನಿಗೆ ಪಟ್ಟಬಂಧದ ಮರ್ಯಾದೆಯನ್ನು ಸಲ್ಲಿಸಿದ ಸಂಗತಿಯನ್ನು ಹೇಳುತ್ತದೆ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು (1126-1138) ತನ್ನ ಮಾನಸೋಲ್ಲಾಸದಲ್ಲಿ ವಸ್ತ್ರಭೋಗ ಛತ್ರಭೋಗಗಳನ್ನು ಅರಸರ ಉಪಭೋಗಗಳಲ್ಲಿ ಎಣಿಸಿ ವಿವರಿಸಿರುವನು. ಆದರೆ ಅದೇ ಬಿಸಿಲಿನಲ್ಲಿ ಅಡಕೆಯ ತೋಟಕ್ಕೆ ಮಣ್ಣು ಹೊತ್ತವನೂ, ಸೊಪ್ಪಿನಬೆಟ್ಟದಿಂದ ಹೊರೆ ತಂದವನೂ ತಲೆಯ ಮೇಲೆ ಏನನ್ನು ಧರಿಸಿದರೆಂಬುದನ್ನು ಈ ಗ್ರಂಥಗಳು ಹೇಳುವುದಿಲ್ಲ. ಆ ವಸ್ತುವಾದರೋ ನಮ್ಮ ಕಣ್ಣೆದುರಿಗೇ ಇದ್ದು ಈಗ ಮರೆಯಾಗುತ್ತಲಿದೆ. ಅದೇ ಅಡಕೆಯ ಹಾಳೆಯ ಟೊಪ್ಪಿಗೆ. ಇದರ ರಚನೆ, ಹೆಸರು, ಬಳಕೆಗಳನ್ನು ವಿಚಾರಿಸಿ, ಗ್ರಂಥಗಳು ಮೌನವಾಗಿರುವ ಕಡೆ ಶಬ್ದಗಳು ಎಷ್ಟರಮಟ್ಟಿಗೆ ಚರಿತ್ರೆಯನ್ನು ಹೇಳಬಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

1. ವಸ್ತುಸ್ವರೂಪ

ಅಡಕೆಯ ಗರಿಯ ಬುಡವು ಅಗಲವಾದ ಪೊರೆಯಾಗಿ ಮರದ ತುದಿಯನ್ನು ಸುತ್ತಿಕೊಂಡಿರುತ್ತದೆ. ಗರಿ ಹಣ್ಣಾದ ಕೂಡಲೆ ಈ ಪೊರೆಯೂ ಮರದ ಹಿಡಿತವನ್ನು ಬಿಟ್ಟು ಗರಿಯೊಡನೆಯೇ ಕೆಳಗೆ ಬೀಳುವುದು. ಅದಕ್ಕೆ ಹಾಳೆಯೆಂದು ಹೆಸರು. ಒಂದು ಮರದಿಂದ ವರ್ಷಕ್ಕೆ ಸುಮಾರು 5-6 ಹಾಳೆಗಳು ಬೀಳುವುವು. ಒಂದೊಂದೂ ಸಾಮಾನ್ಯವಾಗಿ 2ರಿಂದ 3 ಅಡಿ ಉದ್ದವಿರುತ್ತದೆ. ಒಣಗಿದಾಗ ಇದು ಬಿರುಸಾಗಿಯೂ, ನೆನೆದಾಗ ತೊಗಲಿನಂತೆ ಮೆತ್ತಗಾಗಿಯೂ ಇರುವುದು. ಟೊಪ್ಪಿಗೆಯ ಕುಶಲತೆಯೆಲ್ಲವೂ ಈ ಗುಣವನ್ನೇ ಅವಲಂಬಿಸಿದೆ. ಹಾಳೆಯನ್ನು ಗರಿಯಿಂದ ಬೇರ್ಪಡಿಸಿ, ನೀರಿನಲ್ಲಿ ನೆನೆಯಿಟ್ಟು, ಬೇಕಾದ ಅಳತೆಗೆ ಕೊಯ್ದು, ಎರಡು ತುದಿಗಳನ್ನೂ ನೆರಿಗೆಯಾಗಿ ಮಡಿಸಿ, ನಾರಿನಿಂದಲೋ ದಾರದಿಂದಲೋ ಹೊಲಿಯುತ್ತಾರೆ. ಒಣಗುವಾಗ ಅದು ಕೊಟ್ಟ ಆಕಾರದಲ್ಲಿಯೇ ನಿಂತುಬಿಡುತ್ತದೆ. ಹೀಗೆ ತಲೆಗೆ ಸರಿಯಾಗಿ ಕೂರುವ ಬಟ್ಟಲಿನಂಥ ಟೊಪ್ಪಿಗೆ ಸಿದ್ಧವಾಗುವುದು.

ಇದಕ್ಕೆ ಮಗ್ಗ ಬೇಡ, ಬಣ್ಣ ಬೇಡ, ಕಾಸೂ ಬೇಡ. ಭಾರವಿಲ್ಲದುದರಿಂದ ಕತ್ತು ನೋಯುವುದಿಲ್ಲ. ಬಿಸಿಲಿನ ಝಳವನ್ನು ತಡೆಯುವುದು. ಬುಟ್ಟಿಯನ್ನು ಹೊತ್ತಾಗ ಸಿಂಬಿಯಂತೆ ನೆತ್ತಿಗೆ ಆಸರೆಯಾಗುವುದು. ಮರದಿಂದ ಉದುರುವ ಕಸಕಡ್ಡಿಯೂ ಚೊಗರೂ ಕೂದಲಿಗೆ ಅಂಟದಂತೆ ಕಾಪಾಡುವುದು. ಹರಿದುಹೋದರೆ ತೋಟದಲ್ಲಿಯೇ ಎಸೆಯಬಹುದು. ಅದು ಮರದ ಬುಡಕ್ಕೆ ಗೊಬ್ಬರವಾಗುತ್ತದೆ. ಮಳೆಗಾಲಕ್ಕೆ ಕಂಬಳಿಯ ಕೊಪ್ಪೆಯೂ, ಬಾಗಿ ನೆಟ್ಟಿ ನೆಡುವವರಿಗೆ ಬೆನ್ನು ಮುಚ್ಚುವ ಗೊರಬೂ ಇದ್ದಂತೆ, ಬೇಸಗೆಗೆ ಹಾಳೆಟೊಪ್ಪಿಗೆಯಿತ್ತು. ಮಲೆನಾಡಿನ ದುಡಿಮೆಗಾರನು ಋತುಭೇದಕ್ಕೆ ತಕ್ಕಂತೆ ಶಿರಸ್ತ್ರಾಣಭೇದವನ್ನು ಬಲ್ಲವನಾಗಿದ್ದನು.

2. ಇದು ಹುಲ್ಲಿನ ಟೊಪ್ಪಿಗೆಯೇ?

ಪಾಶ್ಚಾತ್ಯದೇಶಗಳಲ್ಲಿ ಬೇಸಗೆಯ ಹುಲ್ಲುಟೊಪ್ಪಿಗೆಗಳು ಪ್ರಸಿದ್ಧವಾಗಿವೆ. ಗೋದಿಯ ಹುಲ್ಲಿನಿಂದ ಹೆಣೆದವು ಕೆಲವು. ಪನಾಮಾ ಟೊಪ್ಪಿಗೆಯೆಂದು ಕರೆಯಿಸಿಕೊಳ್ಳುವುದಾದರೋ ವಾಸ್ತವವಾಗಿ ಈಕ್ವಡಾರ್ ದೇಶದ್ದು. ಅಲ್ಲಿನ ಟೋಕಿಲ್ಯ ಎಂಬ ಗಿಡದ ಎಳೆಗಳಿಂದ ಹೆಣೆಯುವಂಥದು. ಇದರ ಹೆಣಿಗೆಯನ್ನು ಯುನೆಸ್ಕೋ ಸಂಸ್ಥೆಯು 2012ರಲ್ಲಿ ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿಕೊಂಡಿತು. ನಮ್ಮ ದೇಶದಲ್ಲಿಯೇ ಅಸ್ಸಾಮಿನ ಜಾಪಿಯು ಬಿದಿರಿನಿಂದಲೂ ಒಂದು ಬಗೆಯ ತಾಳೆಯ ಗರಿಯಿಂದಲೂ ಆದುದಾಗಿದೆ. ಇವುಗಳ ಸಾಲಿನಲ್ಲಿ ಅಡಕೆಯ ಹಾಳೆಗೆ ಸ್ಥಾನವುಂಟೇ, ಅಡಕೆಯು ಮರವಲ್ಲವೇ ಎಂಬ ಶಂಕೆ ಬರಬಹುದು.

ಈ ಶಂಕೆಗೆ ಅಮರಸಿಂಹನೇ ಉತ್ತರ ಕೊಟ್ಟಿರುವನು. ವನೌಷಧಿವರ್ಗದಲ್ಲಿ ಅಡಕೆಗೆ ಘೋಂಟಾ, ಪೂಗ, ಕ್ರಮುಕ, ಗುವಾಕ, ಖಪುರ ಎಂಬ ಹೆಸರುಗಳನ್ನು ಹೇಳಿ, ತಾಳೆ, ತೆಂಗು, ಅಡಕೆ ಈ ಮೂರನ್ನೂ ಹಿಂತಾಲ, ಖರ್ಜೂರ, ಕೇತಕಿ ಮೊದಲಾದುವುಗಳೊಡನೆ ಕೂಡಿಸಿ ‘ತೃಣದ್ರುಮ’ಗಳೆಂಬ ಒಂದೇ ಗಣದಲ್ಲಿ ಇಟ್ಟಿದ್ದಾನೆ. ತಾಳೆಗೆ ತೃಣರಾಜವೆಂಬ ಹೆಸರೂ ಇದೆ. ಕೊಂಬೆಯಿಲ್ಲದೆ ನೆಟ್ಟಗೆ ಬೆಳೆದು, ಎಲೆಯ ಬುಡವೇ ಕಾಂಡವನ್ನು ಪೊರೆಯಾಗಿ ಸುತ್ತುವ ಇವು ಹುಲ್ಲಿನ ಜಾತಿಗೆ ಹತ್ತಿರವಾದುವೆಂಬುದು ಕೋಶಕಾರರ ದೃಷ್ಟಿ. ಇಂದಿನ ಸಸ್ಯಶಾಸ್ತ್ರಜ್ಞರೂ ಹುಲ್ಲುಗಳನ್ನೂ ತಾಳವರ್ಗವನ್ನೂ ಏಕದಳಸಸ್ಯಗಳಲ್ಲಿ ಪರಸ್ಪರ ಸಮೀಪದ ಕವಲುಗಳೆಂದೇ ಎಣಿಸುತ್ತಾರೆ. ಆದಕಾರಣ ಹಾಳೆಟೊಪ್ಪಿಗೆಯನ್ನು ನಮ್ಮ ನಾಡಿನ ತೃಣಶಿರಸ್ತ್ರಾಣವೆಂದು ಕರೆದರೆ ಅದು ಬರಿಯ ಉಪಚಾರವಲ್ಲ, ಶಾಸ್ತ್ರಸಮ್ಮತವೇ ಸರಿ.

3. ಶಬ್ದವಿಚಾರ

ಹಾಳೆ ಎಂಬುದು ಅಚ್ಚಗನ್ನಡದ ಶಬ್ದ. ಇದರ ಪೂರ್ವರೂಪ ಪಾಳೆ. ತುಳುವಿನಲ್ಲಿ ಈಗಲೂ ಪಾಳೆಯೆಂದೇ ನುಡಿಯುತ್ತಾರೆ. ಮಲೆಯಾಳದಲ್ಲಿ ಪಾಳ, ತಮಿಳಿನಲ್ಲಿ ಪಾಳೈ. ಹಳಗನ್ನಡದ ಪದಾದಿಯ ಪಕಾರವು ನಡುಗನ್ನಡದಲ್ಲಿ ಹಕಾರವಾದುದು ಎಲ್ಲರಿಗೂ ತಿಳಿದ ವಿಷಯ. ಆದರೆ ಹಾಳೆಯ ವಿಚಾರದಲ್ಲಿ ಈ ಪೂರ್ವರೂಪಕ್ಕೆ ನೆರೆಯ ಭಾಷೆಗಳ ಸಾಕ್ಷಿಯನ್ನೇ ನೆಚ್ಚಬೇಕಾಗಿಲ್ಲ. ಕನ್ನಡದೊಳಗೇ ಒಂದು ಸಾಕ್ಷಿಯುಂಟು. ಅಡಕೆ ತೆಂಗುಗಳ ಹೊಸ ಹೂಗೊನೆಗೆ ನಾವು ಹೊಂಬಾಳೆಯೆನ್ನುತ್ತೇವೆ. ಪೊನ್ ಮತ್ತು ಪಾಳೆ ಎಂಬ ಎರಡು ಪದಗಳು ಸಮಾಸವಾದಾಗ, ಉತ್ತರಪದದ ಆದಿಯ ಪಕಾರಕ್ಕೆ ಬಕಾರವು ಆದೇಶವಾಗಿ ಪೊಂಬಾಳೆಯೆಂದಾಯಿತು. ಈ ಆದೇಶವನ್ನು ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿಧಿಸಿರುವುದು ವಿದ್ಯಾರ್ಥಿಗಳಿಗೂ ಗೊತ್ತು. ಮುಂದೆ ಪೂರ್ವಪದದ ಪಕಾರವು ಹಕಾರವಾದರೂ, ಸಮಾಸದ ನಡುವೆ ಬಕಾರವಾಗಿ ನಿಂತಿದ್ದ ವರ್ಣವು ಮಾರ್ಪಡಲಿಲ್ಲ. ಹೀಗೆ ಹೊಂಬಾಳೆಯೆಂಬ ಒಂದು ಮಾತಿನಲ್ಲಿ ಮೊದಲ ಅಕ್ಷರವು ಹೊಸಗಾಲವನ್ನೂ ನಡುವಣ ಅಕ್ಷರವು ಹಳಗಾಲವನ್ನೂ ತೋರಿಸುತ್ತಿರುವುದು. ಪಾಳೆಯೆಂಬ ಹೆಸರು ಪಕಾರವು ಹಕಾರವಾಗುವುದಕ್ಕಿಂತ ಮುಂಚಿನಿಂದಲೂ ನಮ್ಮಲ್ಲಿದ್ದಿತೆಂದು ಇದರಿಂದ ಸಿದ್ಧವಾಗುತ್ತದೆ.

ಇಲ್ಲಿ ಎರಡು ಭ್ರಾಂತಿಗಳನ್ನು ನಿವಾರಿಸಬೇಕು. ಮರದಿಂದ ಕಳಚಿ ಹಾಳಾಗಿ ಬೀಳುವುದರಿಂದ ಹಾಳೆಯೆಂದು ಕೆಲವರು ಅರ್ಥ ಹೇಳುವುದುಂಟು. ಇದು ಕಿವಿಗೆ ಇಂಪಾದರೂ ನಿಲ್ಲತಕ್ಕುದಲ್ಲ. ಹಾಳು ಎಂಬುದರ ಹಳಗನ್ನಡ ರೂಪ ಪಾೞ್, ಅಲ್ಲಿರುವುದು ೞಕಾರ. ಪಾಳೆಯಲ್ಲಿರುವುದು ಸಹಜ ಳಕಾರ. ತಮಿಳಿನಲ್ಲಿಯೂ ಈ ಎರಡು ಶಬ್ದಗಳ ವರ್ಣಭೇದ ಹಾಗೆಯೇ ಉಳಿದಿದೆ. ಹೊಸಗನ್ನಡದಲ್ಲಿ ೞಕಾರವು ಲುಪ್ತವಾದುದರಿಂದ ಎರಡೂ ಒಂದೇ ಬಗೆಯಾಗಿ ಕೇಳಿಸುವುವು, ಅಷ್ಟೆ. ಹಾಗೆಯೇ ಸೈನ್ಯದ ಬೀಡೆಂಬ ಅರ್ಥದ ಪಾಳೆಯಕ್ಕೂ ಈ ಪಾಳೆಗೂ ಸಂಬಂಧವಿಲ್ಲ.

ಇನ್ನೊಂದು ಸಂಗತಿ ಸ್ವಾರಸ್ಯವಾದುದು. ಕಾಗದವೆಂಬುದು ಪಾರಸಿಯ ಮೂಲಕ ಬಂದ ಶಬ್ದ. ಆದರೆ ಕಾಗದದ ಒಂದೊಂದು ತುಂಡನ್ನು ಎಣಿಸುವಾಗ ಕನ್ನಡಿಗನು ಹಾಳೆಯೆನ್ನುತ್ತಾನೆ. ತಾಳೆಯ ಎಲೆಯಾದ ಓಲೆಯು ಮೊದಲು ಬರೆಹದ ಸಾಧನವಾಗಿ, ಆಮೇಲೆ ಪತ್ರವೆಂಬ ಅರ್ಥವನ್ನು ಹೊಂದಿದಂತೆ, ಅಡಕೆಯ ಹಾಳೆಯು ತೆಳುವೂ ಅಗಲವೂ ಆದ ವಸ್ತುವಿಗೆ ಹೆಸರಾಗಿ, ಕಾಗದ ಬಂದಾಗ ಅದನ್ನೂ ಒಳಗೊಂಡಿತು. ಹೊರಗಿನಿಂದ ಬಂದ ಪದಾರ್ಥವನ್ನು ತೋಟದ ಮಾತಿನಿಂದ ಅಳೆದ ಜನರಿಗೆ ಆ ತೋಟದ ವಸ್ತುವು ಎಷ್ಟು ಬಳಕೆಯದಾಗಿದ್ದಿರಬೇಕು!

ಟೊಪ್ಪಿಗೆಯೆಂಬ ಉತ್ತರಪದದ ಕಥೆ ಬೇರೆ. ಅದು ಔತ್ತರೇಯ ದೇಶಭಾಷೆಗಳ ಟೋಪಿಯ ನೆಂಟನು. ವಿಜಯನಗರದ ಆಸ್ಥಾನದಲ್ಲಿ ಪ್ರಸಿದ್ಧವಾಗಿದ್ದ ಕುಲ್ಲಾಯಿಯು ಪಾರಸಿಯ ಕುಲಾಹದಿಂದ ಬಂದುದು, ರುಮಾಲು ಪಾರಸಿಯದು, ಪೇಟವು ಮರಾಠಿಯ ಫೇಟೆಗೆ ಸೇರಿದುದು. ಅರಮನೆಯ ಮತ್ತು ಕಚೇರಿಯ ಶಿರೋವಸ್ತ್ರಗಳ ಹೆಸರುಗಳಲ್ಲಿ ಬಹುಭಾಗ ಹೀಗೆ ಎರವಲಾಗಿರಲು, ಹಾಳೆ, ಕೊಪ್ಪೆ, ಗೊರಬು, ಸಿಂಬಿ ಎಂಬ ದುಡಿಮೆಯ ಮಾತುಗಳು ನೆಲದಿಂದಲೇ ಎದ್ದವು. ಆಳುವವರು ಬದಲಾದಂತೆ ಆಸ್ಥಾನದ ಶಿರೋವೇಷವೂ ಅದರ ಹೆಸರೂ ಬದಲಾದುವು. ತೋಟದ ಕೆಲಸವು ಬದಲಾಗದಿದ್ದುದರಿಂದ ಅದರ ಮಾತುಗಳು ಉಳಿದುವು.

4. ಛತ್ರದ ಉತ್ಪತ್ತಿಕಥೆ

ಶಾಸ್ತ್ರಗಳಲ್ಲಿ ತಲೆಯ ನೆರಳೆಂದರೆ ಛತ್ರವೇ ಮುಖ್ಯ. ಅಮರನು ಅದಕ್ಕೆ ಆತಪತ್ರವೆಂಬ ಪರ್ಯಾಯವನ್ನು ಕೊಟ್ಟಿದ್ದಾನೆ. ಬಿಸಿಲಿನಿಂದ ಕಾಯುವುದೆಂದು ಅದರ ಅರ್ಥ. ಶ್ವೇತಚ್ಛತ್ರವು ರಾಜಚಿಹ್ನೆಯಾದ ಮೇಲೆ ಈ ಮೂಲಾರ್ಥವು ಹಿಂದೆ ಸರಿಯಿತು. ಆದರೆ ಮಹಾಭಾರತದ ಅನುಶಾಸನಪರ್ವದಲ್ಲಿ ಭೀಷ್ಮನು ಯುಧಿಷ್ಠಿರನಿಗೆ ಹೇಳುವ ಕಥೆಯು ಛತ್ರದ ಹುಟ್ಟನ್ನು ಬೇರೆಯೇ ಕಡೆಯಲ್ಲಿ ತೋರಿಸುತ್ತದೆ. ಜಮದಗ್ನಿಯು ಬಾಣಪ್ರಯೋಗದಲ್ಲಿ ತೊಡಗಿದ್ದನು. ಬಿಟ್ಟ ಬಾಣಗಳನ್ನು ಆಯ್ದು ತರುವುದು ರೇಣುಕೆಯ ಕೆಲಸ. ಜ್ಯೇಷ್ಠಮಾಸದ ನಡುಹಗಲಿನಲ್ಲಿ ಅವಳ ನೆತ್ತಿಯೂ ಕಾಲೂ ಬೆಂದುವು. ಮರದ ನೆರಳಿನಲ್ಲಿ ಕ್ಷಣಕಾಲ ನಿಂತು ತಡವಾಗಿ ಬಂದಳು. ಕಾರಣವನ್ನು ತಿಳಿದ ಜಮದಗ್ನಿಯು ಸೂರ್ಯನ ಮೇಲೆಯೇ ಬಾಣ ಹೂಡಲು ಎದ್ದನು. ಸೂರ್ಯನು ಬ್ರಾಹ್ಮಣವೇಷದಿಂದ ಬಂದು, ಶರಣಾಗಿ, ತಲೆಗೆ ಛತ್ರವನ್ನೂ ಕಾಲಿಗೆ ಪಾದರಕ್ಷೆಯನ್ನೂ ಕೊಟ್ಟನು. ಛತ್ರೋಪಾನಹದಾನದ ಪುಣ್ಯವನ್ನು ಹೇಳುವುದಕ್ಕಾಗಿ ಈ ಕಥೆ ಅಲ್ಲಿ ಬಂದಿದೆ.

ಈ ಕಥೆಯ ಪ್ರಕಾರ ಮೊದಲ ಛತ್ರವು ಸಿಂಹಾಸನದ ಮೇಲೆ ಎತ್ತಲ್ಪಡಲಿಲ್ಲ. ಬಿಸಿಲಿನಲ್ಲಿ ಓಡಾಡಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸಿನ ತಲೆಗಾಗಿ ಅದು ಬಂದಿತು. ಆ ರೇಣುಕೆಯು ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯಾಗಿ ಪೂಜೆಗೊಳ್ಳುತ್ತಿರುವಳು. ಹಾಳೆಟೊಪ್ಪಿಗೆಯು ಶಾಸ್ತ್ರಗಳಲ್ಲಿ ಹೆಸರಿಸಲ್ಪಡದಿದ್ದರೂ, ಶಾಸ್ತ್ರವು ಛತ್ರಕ್ಕೆ ಹೇಳಿದ ಮೂಲಪ್ರಯೋಜನವನ್ನು ಉಳಿಸಿಕೊಂಡುದು ಇದೇ ಎಂದು ಹೇಳಬೇಕಾಗುತ್ತದೆ.

5. ಬಳಕೆ ಮತ್ತು ಆಚಾರ

ಹಾಳೆಯು ಮಲೆನಾಡಿನ ಮನೆಯಲ್ಲಿ ಹುಟ್ಟಿನಿಂದಲೇ ಜತೆಗಾರನು. ಎಳೆಗೂಸನ್ನು ಹಾಳೆಯ ಮೇಲೆ ಮಲಗಿಸಿ ಎಣ್ಣೆನೀರು ಹಾಕುತ್ತಿದ್ದರು. ಸ್ವಲ್ಪ ಬೆಳೆದ ಮಕ್ಕಳು ಒಬ್ಬನನ್ನು ಹಾಳೆಯ ಮೇಲೆ ಕೂರಿಸಿ ಗರಿ ಹಿಡಿದು ಎಳೆಯುವ ಆಟವನ್ನು ಆಡುತ್ತಿದ್ದರು. ಬೀಸಣಿಗೆ, ದೊನ್ನೆ, ಮೊಗೆಯುವ ಪಾತ್ರೆ ಇವೆಲ್ಲವೂ ಹಾಳೆಯಿಂದಲೇ ಆಗುತ್ತಿದ್ದುವು.

ಮನುಷ್ಯನಿಗೆ ಮಾತ್ರವಲ್ಲ, ಅಡಕೆಯ ಗೊನೆಗೂ ಟೊಪ್ಪಿಗೆಯುಂಟು. ಮಳೆಗಾಲದ ಕೊಳೆರೋಗದಿಂದ ಕಾಯಿ ಉದುರದಂತೆ, ಕರಡವೆಂಬ ಹುಲ್ಲಿನಿಂದಲೂ ಹಾಳೆಯಿಂದಲೂ ಕೊಟ್ಟೆಗಳನ್ನು ಕಟ್ಟಿ ಗೊನೆಗಳಿಗೆ ತೊಡಿಸುತ್ತಿದ್ದರು. ಮೈಸೂರು ಸರ್ಕಾರದ ಶಿಲೀಂಧ್ರಶಾಸ್ತ್ರಜ್ಞರಾಗಿ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ನರು ಈ ರೋಗದ ಕಾರಣವನ್ನು ಶೋಧಿಸಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಈ ಕ್ರಮ ಹರಡಿದಂತೆ ಕೊಟ್ಟೆಯ ಬಳಕೆ ಕುಗ್ಗಿತು; ಉಳಿದೆಡೆಗಳಲ್ಲಿ ಹುಲ್ಲಿನ ಸ್ಥಾನಕ್ಕೆ ಪ್ಲಾಸ್ಟಿಕ್ಕು ಬಂದಿತು.

ಘಟ್ಟದ ಕೆಳಗೆ ತುಳುನಾಡಿನಲ್ಲಿ ಇದೇ ಟೊಪ್ಪಿಗೆಗೆ ಮುಟ್ಟಾಳೆಯೆಂದು ಹೆಸರು. ಅಲ್ಲಿ ಇದು ಕೆಲಸದ ಉಡುಪಾಗಿರುವುದಲ್ಲದೆ ಆರಾಧನೆಯಲ್ಲಿಯೂ ಸೇರಿದೆ. ಕೊರಗಜ್ಜನ ಮೂರ್ತಿಯ ತಲೆಯ ಮೇಲಿರುವುದು ಮುಟ್ಟಾಳೆಯೇ. ಆಟಿ ತಿಂಗಳಿನಲ್ಲಿ ಮನೆಮನೆಗೆ ಬರುವ ಆಟಿಕಳೆಂಜನೂ ಹಾಳೆಯ ಟೊಪ್ಪಿಗೆಯನ್ನು ಧರಿಸಿ, ಗರಿಯ ಕೊಡೆಯನ್ನು ಹಿಡಿದಿರುತ್ತಾನೆ. ಕೇರಳದಲ್ಲಿ ಪಾಳತ್ತೊಪ್ಪಿಯೆಂದು ಇದರ ಹೆಸರು. ಅಲ್ಲಿನ ಪಡಯಣಿಯ ಕೋಲಗಳನ್ನು ಹಾಳೆಯ ಮೇಲೆಯೇ ಚಿತ್ರಿಸುತ್ತಾರೆ.

ಈ ಟೊಪ್ಪಿಗೆಗೆ ಇನ್ನೊಂದು ಮುಖವೂ ಉಂಟು. ಅದನ್ನು ಮುಚ್ಚಿಡುವುದು ಚರಿತ್ರೆಯ ಧರ್ಮವಲ್ಲ. ಇದು ಒಡೆಯನ ತಲೆಯ ಮೇಲಿರದೆ ಆಳಿನ ತಲೆಯ ಮೇಲಿದ್ದುದರಿಂದ ಕೀಳೆಂಬ ಗುರುತಾಗಿಯೂ ಪರಿಣಮಿಸಿತು. ಕರಾವಳಿಯ ಕೊರಗ ಜನರು ಅಜಲು ಎಂಬ ಅಮಾನುಷ ಪದ್ಧತಿಗೆ ಗುರಿಯಾಗಿದ್ದರು. ಕರ್ನಾಟಕ ಸರ್ಕಾರವು 2000ದಲ್ಲಿ ಕಾನೂನಿನ ಮೂಲಕ ಅದನ್ನು ನಿಷೇಧಿಸಬೇಕಾಯಿತು. ಆ ಜನರ ತಲೆಯ ಮೇಲಿದ್ದ ಹಾಳೆಯನ್ನು ಇಂದು ಸಭೆಗಳಲ್ಲಿ ಗಣ್ಯರಿಗೆ ಮರ್ಯಾದೆಗಾಗಿ ತೊಡಿಸುವುದುಂಟು. ಮರ್ಯಾದೆಯು ವಸ್ತುವಿಗೆ ದೊರೆತುದು ಸಂತೋಷವೇ. ಧರಿಸಿ ದುಡಿದವರಿಗೂ ಅದು ದೊರೆತಾಗ ಮಾತ್ರ ಪೂರ್ಣವಾಗುವುದು.

6. ಶಿವಮೊಗ್ಗ ಮತ್ತು ಭದ್ರಾವತಿ

ಶಿವಮೊಗ್ಗ ನಗರವು ಮಲೆನಾಡಿನ ಅಡಕೆಯ ಪೇಟೆ. 1939ರಲ್ಲಿ ಸ್ಥಾಪಿತವಾದ ಮಲೆನಾಡು ಅಡಕೆ ಮಾರಾಟ ಸಹಕಾರ ಸಂಘದ ಕೇಂದ್ರವೂ ಇಲ್ಲಿಯೇ. ಕೆಳದಿಯ ಶಿವಪ್ಪನಾಯಕನ (1645-1660) ಶಿಸ್ತಿನ ಕಾಲದಿಂದ ಅಡಕೆಯ ತೋಟಗಳು ಕಂದಾಯದ ಕಡತಗಳಲ್ಲಿ ಸೇರಿವೆ. ಕಡತವು ಲೆಕ್ಕಿಸುವುದು ಹಣ ತರುವ ಫಲವನ್ನು. ತಾನಾಗಿ ಬಿದ್ದ ಹಾಳೆಗೆ ಲೆಕ್ಕವಿರಲಿಲ್ಲ. ಟೊಪ್ಪಿಗೆಯು ದಾಖಲೆಗಳಲ್ಲಿ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಬೆಂಕಿಪುರವೆಂದು ಮೊದಲು ಹೆಸರಿದ್ದ ಭದ್ರಾವತಿಯಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ, 1923ರಲ್ಲಿ ಕುಲುಮೆಯಿಂದ ಕಬ್ಬಿಣ ಹೊರಬಂದಿತು. ಅದರ ಪ್ರೇರಕರಾದ ವಿಶ್ವೇಶ್ವರಯ್ಯನವರು ಮೈಸೂರು ಪೇಟದಿಂದಲೇ ನಮ್ಮ ನೆನಪಿನಲ್ಲಿ ನಿಂತಿರುವರು. ಆ ಕಾಲದ ಅಧಿಕಾರಿಗಳಿಗೆ ಪ್ರಿಯವಾಗಿದ್ದ ಸೋಲಾ ಟೊಪ್ಪಿಗೆಯೂ ಒಂದು ಸಸ್ಯಜನ್ಯವೇ. ಬಂಗಾಳದ ಜೌಗುಗಳಲ್ಲಿ ಬೆಳೆಯುವ ಸೋಲಾ ಗಿಡದ ಬೆಂಡಿನಿಂದ ಅದನ್ನು ಮಾಡುತ್ತಿದ್ದರು. ಬೆಂಡಿನ ಟೊಪ್ಪಿಗೆ ಅಧಿಕಾರದ ಗುರುತಾಯಿತು, ಹಾಳೆಯ ಟೊಪ್ಪಿಗೆ ಕೂಲಿಯ ಗುರುತಾಯಿತು. ಭೇದವು ಪದಾರ್ಥದಲ್ಲಿರದೆ ಧರಿಸುವವನಲ್ಲಿತ್ತು. ಕಾರ್ಖಾನೆಯ ಕೆಲಸಕ್ಕೆ ಗಡುಸಾದ ಹೆಲ್ಮೆಟ್ಟು ಬಂದ ಮೇಲೆ ಈ ಎರಡಕ್ಕೂ ಅಲ್ಲಿ ಸ್ಥಳವಿಲ್ಲದಾಯಿತು. ಅದೇ ಊರಿನಲ್ಲಿ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯು ಬಿದಿರು ಮುಂತಾದ ತೃಣಜಾತಿಗಳಿಂದಲೂ ಹಾಳೆಗಳನ್ನು ಮಾಡುತ್ತಿತ್ತು. ಅದರ ಉತ್ಪಾದನೆ ಈಗ ನಿಂತಿದೆ. ಮೇಲೆ ಹೇಳಿದ ಶಬ್ದಾರ್ಥದ ವಿಸ್ತಾರಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಬಳಕೆಯ ವಸ್ತುವು ಚರಿತ್ರೆಯಲ್ಲಿ ಯಾವಾಗ ದಾಖಲಾಗುತ್ತದೆ? ಅದನ್ನು ಕುರಿತು ವಿವಾದ ಹುಟ್ಟಿದಾಗ. ಈ ಜಿಲ್ಲೆಯಲ್ಲಿಯೇ ಎರಡು ದೃಷ್ಟಾಂತಗಳುಂಟು. 1942ರಲ್ಲಿ ಶಿಕಾರಿಪುರ ಸೀಮೆಯ ಈಸೂರಿನ ಜನರು ತಮ್ಮ ಗ್ರಾಮ ಸ್ವತಂತ್ರವಾಯಿತೆಂದು ಸಾರಿದರು. ಊರಿಗೆ ಬಂದ ಅಧಿಕಾರಿಗಳು ಖಾದಿಯ ಗಾಂಧಿಟೊಪ್ಪಿಗೆಯನ್ನು ಧರಿಸಬೇಕೆಂದು ಹಿಡಿದ ಪಟ್ಟು ಕಲಹಕ್ಕೆ ಎಡೆಗೊಟ್ಟಿತು, ಅಧಿಕಾರಿಗಳಿಬ್ಬರು ಹತರಾದರು, 1943ರಲ್ಲಿ ಗ್ರಾಮದ ಐವರನ್ನು ಗಲ್ಲಿಗೇರಿಸಲಾಯಿತು. 1951ರಲ್ಲಿ ಸಾಗರ ಸೀಮೆಯ ಕಾಗೋಡಿನ ಗೇಣಿದಾರರು ಗೇಣಿಯನ್ನು ಅಳೆಯುವ ಕೊಳಗದ ಅಳತೆಯ ವಿಷಯವಾಗಿ ಸತ್ಯಾಗ್ರಹ ಹೂಡಿದರು. ಒಂದು ಟೊಪ್ಪಿಗೆಯೂ ಒಂದು ಕೊಳಗವೂ ಹೀಗೆ ಗ್ರಂಥಸ್ಥವಾದುವು. ಹಾಳೆಟೊಪ್ಪಿಗೆಯನ್ನು ಕುರಿತು ಇಂಥ ವಿವಾದವೊಂದೂ ಹುಟ್ಟಲಿಲ್ಲ. ಅದರಿಂದಲೇ ಅದರ ಮೇಲೆ ಯಾರ ದೃಷ್ಟಿಯೂ ಬೀಳಲಿಲ್ಲ.

7. ಉಪಸಂಹಾರ

ಇತ್ತೀಚಿನ ದಶಕಗಳಲ್ಲಿ ಹಾಳೆಗೆ ಬೆಲೆ ಬಂದಿದೆ. ನೆನೆಸಿದ ಹಾಳೆಯನ್ನು ಕಾದ ಅಚ್ಚಿನಲ್ಲಿ ಒತ್ತಿ ತಟ್ಟೆ ಬಟ್ಟಲುಗಳನ್ನು ಮಾಡುವ ಉದ್ಯಮ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಹಬ್ಬಿ, ಸರಕು ಪರದೇಶಗಳಿಗೂ ಹೋಗುತ್ತಿತ್ತು. ಅಡಕೆಯಲ್ಲಿರುವ ಕೆಲವು ಸತ್ತ್ವಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣದಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಈ ತಟ್ಟೆಗಳನ್ನು ಒಪ್ಪತಕ್ಕವಲ್ಲವೆಂದು ಪ್ರಕಟಿಸಿತು. ಈ ಉದ್ಯಮದ ಮುಂದಿನ ಗತಿ ಏನೇ ಆಗಲಿ, ಟೊಪ್ಪಿಗೆಯ ಪಾಲಿಗೆ ಪರಿಣಾಮ ಒಂದೇ: ಮಾರುವ ಸರಕಾದ ಹಾಳೆಯನ್ನು ಕೂತು ಮಡಿಸಿ ಹೊಲಿಯುವವರು ವಿರಳರಾಗಿದ್ದಾರೆ, ಅಂಗಡಿಯ ಬಟ್ಟೆಯ ಟೊಪ್ಪಿಗೆ ತೋಟಕ್ಕೂ ಬಂದಿದೆ.

ಇದನ್ನು ಮರಳಿ ಎಲ್ಲರೂ ಧರಿಸಬೇಕೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಬಡತನದ ಗುರುತೊಂದು ಹೋದರೆ ದುಃಖಿಸಬೇಕಾದುದಿಲ್ಲ. ಆದರೆ ವಸ್ತುವಿನೊಡನೆ ಅದರ ಮಾತುಗಳೂ ಹೋಗುವುವು. ಹೊಂಬಾಳೆಯನ್ನು ಕಾವ್ಯದಲ್ಲಿ ಪಾಠ ಹೇಳುವ ಉಪಾಧ್ಯಾಯರಿಗೆ ಹಾಳೆಯ ಪರಿಚಯವಿಲ್ಲದಿದ್ದರೆ ಆ ಪದದ ಅರ್ಥ ಪುಸ್ತಕದಲ್ಲಿಯೇ ಉಳಿಯುವುದು. ಕೊಟ್ಟೆ, ಕೊಪ್ಪೆ, ಗೊರಬು, ಸಿಂಬಿ ಮೊದಲಾದ ಶಬ್ದಗಳಿಗೆ ಸೀಮೆಸೀಮೆಗೂ ರೂಪಭೇದವೂ ಅರ್ಥಭೇದವೂ ಉಂಟು. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬಗಳ ಕಡೆಯ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳ ಮೂಲಕ, ಹಾಳೆ ಹೊಲಿಯಬಲ್ಲ ವೃದ್ಧರನ್ನು ಕಂಡು, ಮಡಿಕೆ ಹೊಲಿಗೆಗಳ ಹೆಸರುಗಳನ್ನು ಅವರ ಉಚ್ಚಾರಣೆಯಂತೆಯೇ ಬರೆಯಿಸಿ, ಊರಿನ ಹೆಸರಿನೊಡನೆ ಈ ಪತ್ರಿಕೆಗೆ ಕಳುಹಿಸಿದರೆ ಮುಂದಿನ ಕೋಶಕಾರರಿಗೆ ಮಹೋಪಕಾರವಾಗುವುದು. ಕೆಲಸ ಚಿಕ್ಕದು, ಆದರೆ ಹೇಳಬಲ್ಲವರು ಎಂಬತ್ತರ ಅಂಚಿನವರಾದುದರಿಂದ ಈ ಬೇಸಗೆಯಲ್ಲಿಯೇ ಆರಂಭವಾಗಬೇಕಾದುದು.